ಮೈಚ್ ಕರ್ತೂಂ: ಮನೆಯಲ್ಲೇ ಮಾಂಟೆಸರಿ

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ. ಅಂದು ಬರಲಾಗದ ತಾಯಿತಂದೆಯರಿಗೂ ತಲುಪಲಿ ಎಂದು ಇಲ್ಲಿ ಬರೆದುಕೊಟ್ಟಿದ್ದೇನೆ.)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ನನಗೆ ಕೊಟ್ಟಿರುವ ವಿಷಯ ಚಿಕ್ಕ ಮಕ್ಕಳ ಕಲಿಕೆಯಲ್ಲಿ ಮಾಂಟೆಸರಿ ಪದ್ಧತಿ. ಈ ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವುದು ಬಣ್ಣದ ಗೋಡೆ, ಟೈ ಕಟ್ಟಿದ ಮಗು ಮತ್ತು ಫೀಸಿನ ರಸೀದಿ. ನಾನು ಇವತ್ತು ಅದರ ಬಗ್ಗೆ ಮಾತನಾಡುವುದಿಲ್ಲ. ನಿಮ್ಮ ಮನೆಯ ಹೊಸ್ತಿಲು, ಬಚ್ಚಲು ಮತ್ತು ಅಡುಗೆಮನೆಯ ಬಗ್ಗೆ ಮಾತನಾಡುತ್ತೇನೆ.

ಕಾಲು ಚಾಚುವ ಮಗು

ನಿಮ್ಮ ಮನೆಯ ಬೆಳಗ್ಗೆ ಒಂಬತ್ತು ಗಂಟೆಯನ್ನು ನೆನಪಿಸಿಕೊಳ್ಳಿ. ಹೊರಗೆ ಆಟೋದವರು ಹಾರ್ನ್ ಹೊಡೆಯುತ್ತಿದ್ದಾರೆ. ಮೂರು ವರ್ಷದ ಮಗು ಹೊಸ್ತಿಲ ಮೇಲೆ ಕುಳಿತು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕುತ್ತಿದೆ. ನೀವು ಕೈ ಹಾಕಲು ಹೋದರೆ "ಮೈಚ್ ಕರ್ತೂಂ" ಅನ್ನುತ್ತದೆ. ಪಕ್ಕದ ಮನೆಯ ಕನ್ನಡದ ಮಗುವೂ ಅದೇ ವಯಸ್ಸಿನಲ್ಲಿ ಅದನ್ನೇ ಹೇಳುತ್ತದೆ, "ನಾನೇ ಮಾಡ್ತೀನಿ" ಎಂದು. ನೀವು "ದೇರ್ ಹೋರೈ ಬೇಟಾ" ಅಂದು ಚಪ್ಪಲಿ ಕಿತ್ತುಕೊಂಡು ಹಾಕಿಬಿಡುತ್ತೀರಿ. ಮಗು ಅಳುತ್ತದೆ. ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಅದು ಹಟ ಬಿಡುತ್ತದೆ. ಸುಮ್ಮನೆ ಕಾಲು ಚಾಚಿ ಕೂರುತ್ತದೆ.

ಮಗು ಒಳ್ಳೆಯದಾಯಿತು, ಹಟ ಕಡಿಮೆಯಾಯಿತು ಎಂದು ನೀವು ಸಂತೋಷಪಡುತ್ತೀರಿ. ಮೂರು ವರ್ಷದ ನಂತರ ಅದೇ ಮಗು ಒಂದನೇ ತರಗತಿಗೆ ನಮ್ಮ ಮುಂದೆ ಬಂದು ಕೂರುತ್ತದೆ. ಬ್ಯಾಗು ಮುಂದಿರುತ್ತದೆ, ಆದರೆ ತೆಗೆಯುವುದಿಲ್ಲ. ಯಾರಾದರೂ ಬಂದು ತೆಗೆದುಕೊಡಲಿ ಎಂದು ಕಾಯುತ್ತದೆ. ನಿಮಗೆ ಅಂದು ಉಳಿದದ್ದು ದಿನಕ್ಕೆ ಮೂರು ನಿಮಿಷ. ಮಗುವಿನಿಂದ ಹೋದದ್ದು "ನನ್ನಿಂದ ಆಗುತ್ತದೆ" ಎಂಬ ನಂಬಿಕೆ. ಅದನ್ನು ಮತ್ತೆ ತರಿಸಲು ಶಿಕ್ಷಕರಿಗೆ ವರ್ಷಗಳೇ ಬೇಕಾಗುತ್ತವೆ. ಮಾಂಟೆಸರಿ ಪದ್ಧತಿಯ ಸಾರವೆಲ್ಲ ಈ "ಮೈಚ್ ಕರ್ತೂಂ" ಎಂಬ ಮಾತಿನಲ್ಲೇ ಇದೆ. ಮಗು ತಾನಾಗಿ ಮಾಡಲು ಹೊರಟಾಗ ಅದಕ್ಕೆ ದಾರಿ ಮಾಡಿಕೊಡಬೇಕು, ನಾವು ಅಡ್ಡ ನಿಲ್ಲಬಾರದು.

ರೋಮಿನಿಂದ ಮದ್ರಾಸಿಗೆ

ಮಾರಿಯಾ ಮಾಂಟೆಸರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿದರು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ, ವೈದ್ಯೆಯಾದರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ 'ಮಕ್ಕಳ ಮನೆ' ಎಂಬ ಮೊದಲ ಕೇಂದ್ರ ತೆರೆದರು. ತಾಯಿತಂದೆ ಕೂಲಿಗೆ ಹೋದಾಗ ಮಕ್ಕಳು ಮೆಟ್ಟಿಲಲ್ಲಿ, ಓಣಿಯಲ್ಲಿ ಅಲೆಯುತ್ತಿದ್ದವು, ಗೋಡೆ ಹಾಳು ಮಾಡುತ್ತಿದ್ದವು. ಅವರನ್ನು ಒಂದು ಕಡೆ ನೋಡಿಕೊಳ್ಳಲು ಮಾಡಿದ ಏರ್ಪಾಡು ಅದು. ಅಲ್ಲಿನ ಮೊದಲ ಶಿಕ್ಷಕಿ ತರಬೇತಿ ಪಡೆದವಳಲ್ಲ, ಆ ಕಟ್ಟಡದ ಕಾವಲುಗಾರನ ಮಗಳು. ತಾಯಂದಿರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಮಕ್ಕಳಿಗಾದರೂ ಓದು ಬರಹ ಕಲಿಸಿಕೊಡಿ ಎಂದು ಆ ತಾಯಂದಿರೇ ಬಂದು ಕೇಳಿದರಂತೆ. ಇವತ್ತು ಶ್ರೀಮಂತರ ಶಾಲೆಯ ಹೆಸರಾಗಿರುವ ಮಾಂಟೆಸರಿ ಹುಟ್ಟಿದ್ದು ಹೀಗೆ, ಕೂಲಿಯವರ ಮಕ್ಕಳ ನಡುವೆ. "ನಾವು ಓದಿದವರಲ್ಲ, ನಮ್ಮಿಂದ ಏನಾಗುತ್ತದೆ?" ಎಂದು ಕೇಳುವ ತಾಯಂದಿರು ಇದನ್ನು ನೆನಪಿಡಿ.

ಅವರಿಗೂ ನಮ್ಮ ನಾಡಿಗೂ ಹತ್ತಿರದ ನಂಟಿದೆ. ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇಲೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. 1940ರಲ್ಲಿ ಇಟಲಿ ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಅವರನ್ನು ಶತ್ರು ದೇಶದವರೆಂದು ಅಡ್ಯಾರಿನ ಆವರಣದಲ್ಲೇ ಇರಿಸಿತು, ಮಗ ಮಾರಿಯೊನನ್ನು ಬಂಧಿಸಿತು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಮಗನ ಬಿಡುಗಡೆಯಾಯಿತು. ಆಮೇಲೆ ಕೊಡೈಕೆನಾಲಿನಲ್ಲಿ ಎರಡು ವರ್ಷ ಇದ್ದರು. ಯುದ್ಧ ಮುಗಿದು ಯೂರೋಪಿಗೆ ಹೋದವರು 1947ರಲ್ಲಿ ಮತ್ತೆ ಬಂದು 1949ರವರೆಗೆ ಇಲ್ಲಿ ಕೆಲಸ ಮಾಡಿದರು. 1952ರಲ್ಲಿ ನೆದರ್ಲೆಂಡ್ಸಿನಲ್ಲಿ ತೀರಿಕೊಂಡರು.

ಆ ಪದ್ಧತಿಯನ್ನು ನಮ್ಮ ದೇಶದ ಬಡವರಿಗೆ ಹೊಂದುವಂತೆ ಮಾಡಿದವರು ಬೇರೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಬೆಲೆಬಾಳುವ ಸಾಮಾನಿನ ಬದಲು ಬೀಜ, ಕಲ್ಲು, ಚಿಪ್ಪು, ಎಲೆಗಳನ್ನು ಬಳಸಿದರು. ಬುಡಕಟ್ಟಿನ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ನಮ್ಮ ಅಂಗನವಾಡಿಗಳಿಗೂ ಇದೇ 'ಅಂಗಳ'ದ ಹೆಸರು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ.

ನಮ್ಮ ಹಿರಿಯರ ಲೆಕ್ಕ

ಇದು ಹೊರಗಿನವರ ಪದ್ಧತಿ, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಖ್ವಾನಿ ಮಾಡುವ ರಿವಾಜು ಇತ್ತು. ಇದು ಫರ್ಜ್ ಅಲ್ಲ, ಹಿರಿಯರಿಂದ ಬಂದ ನಡವಳಿಕೆ ಅಷ್ಟೆ. ಆದರೆ ಅದರೊಳಗೊಂದು ತಿಳಿವಳಿಕೆ ಇದೆ. ನಾಲ್ಕು ವರ್ಷ ದಾಟುವವರೆಗೆ ಯಾರೂ ಮಗುವಿನ ಮುಂದೆ ಕಾಯಿದಾ ಹಿಡಿಯುತ್ತಿರಲಿಲ್ಲ. ಅಲ್ಲಿಯವರೆಗೆ ಮಗು ಕೇಳುತ್ತಿತ್ತು, ನೋಡುತ್ತಿತ್ತು, ಅಬ್ಬಾನ ಪಕ್ಕದಲ್ಲಿ ನಿಂತು ಸಜ್ದಾ ಮಾಡುತ್ತಿತ್ತು. ಮಾಂಟೆಸರಿ ಕೂಡ ಹೇಳಿದ್ದು ಇದನ್ನೇ. ಹುಟ್ಟಿನಿಂದ ಆರು ವರ್ಷದವರೆಗೆ ಮಗುವಿನ ಮನಸ್ಸು ಸುತ್ತಲಿನದನ್ನು ಹೀರಿಕೊಳ್ಳುತ್ತದೆ. ಮೊದಲು ಕೈ, ಕಿವಿ, ನಾಲಿಗೆ ತಯಾರಾಗಬೇಕು, ಅಕ್ಷರ ಆಮೇಲೆ.

ಕಲಿಸುವ ರೀತಿಗೂ ನಮ್ಮಲ್ಲಿ ಮಾದರಿ ಇದೆ. ಉಮರ್ ಬಿನ್ ಅಬೀ ಸಲಮಾ (ರ) ಚಿಕ್ಕ ಹುಡುಗರಾಗಿದ್ದಾಗ ಪ್ರವಾದಿವರ್ಯರ (ಸ) ಜೊತೆ ಊಟಕ್ಕೆ ಕುಳಿತಿದ್ದರು. ಹುಡುಗನ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿವರ್ಯರು (ಸ) ಗದರಲಿಲ್ಲ, ಕೈಗೆ ಹೊಡೆಯಲಿಲ್ಲ. ಅಲ್ಲಾಹನ ಹೆಸರು ಹೇಳುವುದು, ಬಲಗೈಯಿಂದ ತಿನ್ನುವುದು, ತನ್ನ ಮುಂದಿನದನ್ನು ತಿನ್ನುವುದು, ಈ ಮೂರನ್ನಷ್ಟೇ ತಿಳಿಸಿದರು. ಅಂದಿನಿಂದ ತಾನು ಹಾಗೆಯೇ ತಿನ್ನುತ್ತ ಬಂದೆ ಎಂದು ಆ ಹುಡುಗ ದೊಡ್ಡವನಾದ ಮೇಲೆ ಹೇಳಿರುವುದು ಬುಖಾರಿಯಲ್ಲಿದೆ. ಕೆಲಸ ನಡೆಯುತ್ತಿರುವಾಗಲೇ, ಕಡಿಮೆ ಮಾತಿನಲ್ಲಿ, ಅವಮಾನ ಮಾಡದೆ ಕಲಿಸಿದ ಪಾಠ ಆಯುಸ್ಸಿನುದ್ದಕ್ಕೂ ಉಳಿಯಿತು. ಬಿ.ಇಡ್. ತರಗತಿಯಲ್ಲಿ ನಾವು ಪುಟಗಟ್ಟಲೆ ಬರೆಯುವುದು ಇದನ್ನೇ.

ನನ್ನ ತಪ್ಪು

ಇಷ್ಟು ಹೇಳುವ ನಾನು ಮನೆಯಲ್ಲಿ ಹಾಗೆ ನಡೆದುಕೊಂಡೆನೇ? ಇಲ್ಲ. ಮಾಂಟೆಸರಿ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ತೆಗೆದುಕೊಂಡವಳು ನಾನು. ಆದರೆ ನನ್ನ ಮಗನಿಗೆ ಮೂರೂವರೆ ವರ್ಷವಾದಾಗ ಅದೆಲ್ಲ ಮರೆತಿತ್ತು. ಟೀಚರ್ ಮಗ ಹಿಂದೆ ಬೀಳಬಾರದು ಎಂಬ ಹೆದರಿಕೆ. ಪ್ರತಿ ರಾತ್ರಿ ಮೂರು ಕಾಪಿ ಪುಸ್ತಕ ಮುಂದಿಡುತ್ತಿದ್ದೆ: ಉರ್ದು, ಕನ್ನಡ, ಇಂಗ್ಲಿಷ್. ಪೆನ್ಸಿಲ್ ಸರಿಯಾಗಿ ಹಿಡಿಯದಿದ್ದರೆ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ತಟ್ಟುತ್ತಿದ್ದೆ.

ಒಂದು ದಿನ ಅಕ್ಕಿ ಅಳೆಯಲು ಡ್ರಮ್ಮಿಗೆ ಕೈ ಹಾಕಿದಾಗ ಆ ಮೂರೂ ಪುಸ್ತಕ ಸಿಕ್ಕವು. ಅಕ್ಕಿಯೊಳಗೆ ಹೂತಿಟ್ಟಿದ್ದ. ಕೇಳಿದರೆ ಏನೂ ಹೇಳಲಿಲ್ಲ, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. ತಾಯಿಯನ್ನು ಕಂಡು ಮಗು ಕೈ ಬಚ್ಚಿಟ್ಟುಕೊಂಡ ಆ ದಿನವನ್ನು ನಾನು ಮರೆತಿಲ್ಲ. ಪುಸ್ತಕಗಳನ್ನು ಕಪಾಟಿನ ಮೇಲಿಟ್ಟೆ. ಒಂದು ವರ್ಷ ಬರೆಯಲು ಹೇಳಲಿಲ್ಲ. ಆ ವರ್ಷ ಅವನು ಏನೇನು ಮಾಡಿದನೋ ಅದನ್ನೇ ಈಗ ನಿಮಗೆ ಹೇಳುತ್ತೇನೆ.

ಅಡುಗೆಮನೆಯ ಸಾಮಾನು

ಮೊದಲನೆಯದು ಡಬ್ಬಿಗಳು. ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳನ್ನು ಮಗುವಿನ ಮುಂದಿಡಿ. ಮುಚ್ಚಳಗಳನ್ನು ಬೇರೆ ಮಾಡಿ. ಪ್ರತಿ ಡಬ್ಬಿಗೂ ಅದರದೇ ಮುಚ್ಚಳ. ತಪ್ಪಾದರೆ ಮುಚ್ಚಳ ಕೂರುವುದಿಲ್ಲ, "ತಪ್ಪು" ಎಂದು ನೀವು ಹೇಳಬೇಕಾಗಿಲ್ಲ. ಮಾಂಟೆಸರಿ ಸಾಮಾನಿನ ಗುಟ್ಟೇ ಇದು: ಸಾಮಾನೇ ತಪ್ಪನ್ನು ತೋರಿಸಬೇಕು, ದೊಡ್ಡವರಲ್ಲ. ಆಗ ಮಗು ಅಳುವುದಿಲ್ಲ, ಮತ್ತೆ ಪ್ರಯತ್ನಿಸುತ್ತದೆ.

ಎರಡನೆಯದು ಸುರಿಯುವುದು, ಆರಿಸುವುದು. ಒಂದು ಚಿಕ್ಕ ಲೋಟದಿಂದ ಇನ್ನೊಂದಕ್ಕೆ ಮೊದಲು ಅಲಸಂದೆ ಕಾಳು, ಆಮೇಲೆ ರಾಗಿ, ಕೊನೆಗೆ ನೀರು. ಬೆರೆಸಿದ ಹೆಸರು, ಕಡಲೆ, ತೊಗರಿಯನ್ನು ಮೂರು ಬಟ್ಟಲಿಗೆ ಆರಿಸಲಿ. ಹೆಬ್ಬೆರಳು ಮತ್ತು ಎರಡು ಬೆರಳು ಸೇರಿ ಕಾಳು ಹಿಡಿಯುವುದೇ ನಾಳೆ ಪೆನ್ಸಿಲ್ ಹಿಡಿಯುವ ಅಭ್ಯಾಸ. ಆದರೆ ಮೂರು ವರ್ಷದೊಳಗಿನ ಮಗುವಿಗೆ ಕಾಳು ಕೊಡಬೇಡಿ, ಮೂಗಿಗೆ, ಗಂಟಲಿಗೆ ಹಾಕಿಕೊಳ್ಳುವ ಅಪಾಯವಿದೆ. ದೊಡ್ಡ ಮಕ್ಕಳು ಮಾಡುವಾಗಲೂ ನಿಮ್ಮ ಕಣ್ಣು ಅಲ್ಲಿರಲಿ.

ಮೂರನೆಯದು ವುಜೂ. ಒಂದು ಚಿಕ್ಕ ಬದ್ನಾ, ಅರ್ಧ ನೀರು, ಕೂರಲು ಪುಟ್ಟ ಮಣೆ. ಕೈ ಮೂರು ಸಲ, ಬಾಯಿ ಮೂರು ಸಲ, ಮೂಗು ಮೂರು ಸಲ, ಮುಖ ಮೂರು ಸಲ. ಈ ವಯಸ್ಸಿನ ಮಕ್ಕಳಿಗೆ ಕ್ರಮ ಎಂದರೆ ಬಹಳ ಪ್ರೀತಿ. ನೀವೇ ಒಂದು ಹಂತ ಬಿಟ್ಟುನೋಡಿ, ಅದೇ ನಿಮ್ಮನ್ನು ತಿದ್ದುತ್ತದೆ. ಎಣಿಕೆ, ಕ್ರಮ, ಬಲ ಎಡ, ನೀರಿನ ಮಿತ, ಎಲ್ಲವೂ ಇದರಲ್ಲಿದೆ. ನೀರು ಚೆಲ್ಲಿದರೆ ಒರೆಸಲು ಒಂದು ಬಟ್ಟೆ ಮಗುವಿನ ಕೈಗೆ ಎಟುಕುವ ಹಾಗೆ ಇರಲಿ. ಚೆಲ್ಲಿದ್ದಕ್ಕೆ ಬೈಗುಳ ಬೇಡ, ಬಟ್ಟೆ ಸಾಕು.

ಹಾಗೆಯೇ ದಸ್ತರ್‌ಖಾನ್ ಹಾಸುವುದು, ಜಾನಮಾಜ್ ಅಂಚಿಗೆ ಅಂಚು ಸೇರಿಸಿ ಮಡಿಸುವುದು, ಬೇಯಿಸಿದ ಮೊಟ್ಟೆ ಸುಲಿಯುವುದು, ಅವರೆಕಾಯಿ ಬಿಡಿಸುವುದು, ಗುಂಡಿ ಹಾಕಿಕೊಳ್ಳುವುದು. ಒಮ್ಮೆ ನಿಧಾನವಾಗಿ, ಮಾತಾಡದೆ ಮಾಡಿ ತೋರಿಸಿ. ಮಾತು ಮತ್ತು ಕೈ ಎರಡೂ ಒಟ್ಟಿಗೆ ಓಡಿದರೆ ಮಗು ಯಾವುದನ್ನು ನೋಡಬೇಕು? ತೋರಿಸಿದ ಮೇಲೆ ಹಿಂದೆ ಸರಿಯಿರಿ. ಹತ್ತು ಸಲ ಅದನ್ನೇ ಮಾಡಿದರೂ ತಡೆಯಬೇಡಿ.

ಎಣಿಕೆಗೆ ಹತ್ತು ಲೋಟ ಮತ್ತು 45 ಕಡ್ಡಿ ಸಾಕು. ಲೋಟಗಳ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಅಂಟಿಸಿ. ಮಗು ಅಷ್ಟಷ್ಟು ಕಡ್ಡಿ ಹಾಕಲಿ. ಸರಿಯಾಗಿದ್ದರೆ ಕೊನೆಯಲ್ಲಿ ಒಂದೂ ಉಳಿಯುವುದಿಲ್ಲ, ಕಡಿಮೆಯೂ ಬೀಳುವುದಿಲ್ಲ. ಸೊನ್ನೆಯ ಲೋಟ ಖಾಲಿ. ಸೊನ್ನೆ ಎಂದರೆ ಏನೂ ಇಲ್ಲ ಎಂಬುದು ಮಗುವಿನ ಕೈಗೇ ಗೊತ್ತಾಗುತ್ತದೆ.

ಎರಡು ಲಿಪಿ, ಒಂದು ಕೈ

ಈಗ ಅಕ್ಷರಕ್ಕೆ ಬರೋಣ. ನಮ್ಮ ಮಕ್ಕಳಿಗೆ ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಶಾಲೆಯ ಬೋರ್ಡಿನಲ್ಲಿ ಇಂಗ್ಲಿಷ್. ಇದು ಭಾರ ಎಂದು ಹೆದರಬೇಡಿ. ಮಾತಿನ ಮಟ್ಟಿಗೆ ಚಿಕ್ಕ ಮಗು ಎರಡು ಮೂರು ಭಾಷೆಯನ್ನು ಸಲೀಸಾಗಿ ಹೀರಿಕೊಳ್ಳುತ್ತದೆ, ಆಡುವ ಜನ ಪ್ರೀತಿಯಿಂದ ಆಡಿದರೆ. ದಾದಿ ಕಥೆಯನ್ನು ತನ್ನ ಮಾತಿನಲ್ಲೇ ಹೇಳಲಿ. ಬಾರದ ಇಂಗ್ಲಿಷಿನಲ್ಲಿ "ಕಮ್, ಈಟ್" ಎಂದು ಮಗುವಿನ ಜೊತೆ ಎರಡೇ ಪದ ಆಡಿ ಮಿಕ್ಕ ಮಾತನ್ನು ನುಂಗಬೇಡಿ. ಪಕ್ಕದ ಮನೆಯ ಅಕ್ಕನ ಜೊತೆ ಮಗು ಕನ್ನಡ ಮಾತಾಡಲಿ. ಸರ್ಕಾರಿ ಕಚೇರಿ, ಬಸ್ಸು, ಸಂತೆ ಎಲ್ಲ ಕಡೆ ಅದಕ್ಕೆ ಬೇಕಾಗುವ ಭಾಷೆ ಅದು. ಕಷ್ಟ ಬರುವುದು ಬರೆಸುವಾಗ. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಒಂದೇ ಸಂಜೆ ಎರಡನ್ನೂ ಬರೆಸಿದರೆ ಪುಟ್ಟ ಕೈ ತಬ್ಬಿಬ್ಬಾಗುತ್ತದೆ.

ಅದಕ್ಕೆ ಹೀಗೆ ಮಾಡಿ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಹಾಳೆ ಸ್ಯಾಂಡ್ ಪೇಪರ್ ತನ್ನಿ. ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿ. ಕನ್ನಡಕ್ಕೆ ಕೆಂಪು ರಟ್ಟು, ಉರ್ದುವಿಗೆ ಹಸಿರು. ಮಗು ತೋರುಬೆರಳು, ನಡುಬೆರಳುಗಳಿಂದ ಬರೆಯುವ ದಿಕ್ಕಿನಲ್ಲೇ ಸವರುತ್ತ ಉಚ್ಚಾರ ಹೇಳಲಿ. ಬೆಳಗ್ಗೆ ಒಂದು ಭಾಷೆ, ಸಂಜೆ ಇನ್ನೊಂದು. ಸವರಿದ ಮೇಲೆ ತಟ್ಟೆಯಲ್ಲಿ ಹರಡಿದ ಮರಳಿನ ಮೇಲೆ ಬೆರಳಿನಿಂದ ಬರೆಯಲಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರಾಯಿತು, ಕೆಂಪು ಶಾಯಿಯ ಗುರುತು ಬೀಳುವುದಿಲ್ಲ.

ಕನ್ನಡದಲ್ಲಿ ಅ ಆ ಇ ಈ ಎಂದೇ ಶುರುಮಾಡಬೇಕಾಗಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರ ಬಂದರೆ ಸರ, ಅರಸ, ಗರಗಸ ಎಂದು ಪದ ಕಟ್ಟಬಹುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ನಲಿಕಲಿಯ ದಾರಿಯೂ ಇದೇ: ಕಾರ್ಡು ಹಿಡಿದು, ತನ್ನ ವೇಗದಲ್ಲಿ ಕಲಿಯುವುದು. ಉರ್ದುವಿನಲ್ಲಿ ಅಕ್ಷರಗಳು ಕೂಡಿದಾಗ ಆಕಾರ ಬದಲಾಗುವುದರಿಂದ ಮಕ್ಕಳು ಗಾಬರಿಯಾಗುತ್ತಾರೆ. ಆದ್ದರಿಂದ ಮುಂದಿನ ಅಕ್ಷರಕ್ಕೆ ಕೂಡದ ಅಲಿಫ್, ದಾಲ್, ರೇ, ವಾವ್ ಮೊದಲು ಕೊಡಿ. ಈ ನಾಲ್ಕರಿಂದಲೇ ದಾದಾ, ದವಾ ಎಂಬ ಪದ ಆಗುತ್ತದೆ. 'ಉರ್ದು' ಎಂಬ ಪದವೇ ಈ ನಾಲ್ಕು ಅಕ್ಷರ ಮಾತ್ರ! ಇನ್ನೊಂದು ವಿಷಯ: ಕನ್ನಡದಲ್ಲಿ ಅಕ್ಷರದ ಹೆಸರೂ ಉಚ್ಚಾರವೂ ಒಂದೇ, ಉರ್ದುವಿನಲ್ಲಿ ಬೇರೆ. ಮೊದಲು 'ದ್' ಎಂಬ ಉಚ್ಚಾರ ಹೇಳಿ, 'ದಾಲ್' ಎಂಬ ಹೆಸರು ನಿಧಾನವಾಗಿ ಬರಲಿ.

ಕಲಿಸಲು ಮೂರು ಹೆಜ್ಜೆ. ಮೊದಲ ಹೆಜ್ಜೆ, "ಇದು ರ." ಎರಡನೆಯದು, "ರ ಯಾವುದು, ತೋರಿಸು." ಮೂರನೆಯದು, "ಇದು ಯಾವುದು?" ನಾವು ಸಾಮಾನ್ಯವಾಗಿ ಮೂರನೆಯದಕ್ಕೇ ಹಾರಿ, ಉತ್ತರ ಬರದಿದ್ದರೆ ದಡ್ಡ ಅನ್ನುತ್ತೇವೆ. ಎರಡನೇ ಹೆಜ್ಜೆಯನ್ನು ಹಲವು ದಿನ ಆಡಿಸಿ. ಬರದಿದ್ದರೆ ನಗುತ್ತ ಕಾರ್ಡು ಎತ್ತಿಡಿ.

ನನ್ನ ಮಗ ಒಂದು ವರ್ಷದ ನಂತರ ಬಚ್ಚಲ ಗೋಡೆಯ ಮೇಲೆ ಒದ್ದೆ ಬೆರಳಿನಿಂದ 'ಸರ' ಎಂದು ಬರೆದ. ಯಾರೂ ಬರೆಯಲು ಹೇಳಿರಲಿಲ್ಲ.

ಕಲಿಕೆಯೋ, ಚಾಕರಿಯೋ?

ಇಲ್ಲಿ ಒಂದು ಎಚ್ಚರಿಕೆ. ಕೆಲಸದಿಂದ ಕಲಿಕೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಕೆಲಸ ಹೆಣ್ಣುಮಗುವಿನ ಪಾಲಿಗೆ, ಆಟ ಗಂಡುಮಗುವಿನ ಪಾಲಿಗೆ ಬರುತ್ತದೆ. ಆರು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿರುತ್ತಾಳೆ. ಐದು ವರ್ಷದ ಹುಡುಗನಿಗೆ ಅಮ್ಮಿ ತುತ್ತು ತಿನ್ನಿಸುತ್ತಿರುತ್ತಾಳೆ. ಇದು ಮಾಂಟೆಸರಿಯಲ್ಲ. ಮಗು ತಾನಾಗಿ ಆರಿಸಿಕೊಂಡದ್ದು, ಅದರ ಶಕ್ತಿಗೆ ತಕ್ಕದ್ದು, ಬೇಡವೆನಿಸಿದಾಗ ಬಿಡಬಹುದಾದದ್ದು ಕಲಿಕೆ. ಬಿಡಲಾಗದ್ದು ಚಾಕರಿ. ಇಬ್ಬರೂ ದಸ್ತರ್‌ಖಾನ್ ಹಾಸಲಿ, ಇಬ್ಬರೂ ಮರಳಿನಲ್ಲಿ ಬರೆಯಲಿ.

ತಂದೆಯರಿಗೂ ಒಂದು ಮಾತು. ನಿಮ್ಮಲ್ಲಿ ಗ್ಯಾರೇಜಿನವರು, ಟೈಲರ್‌ಗಳು, ಮರಗೆಲಸದವರು ಇದ್ದೀರಿ. ದೊಡ್ಡ ನಟ್ಟು ಬೋಲ್ಟು ನಾಲ್ಕು ಜೊತೆ, ಬಣ್ಣದ ಬಟ್ಟೆಯ ತುಂಡುಗಳು, ಉಜ್ಜಿ ನಯ ಮಾಡಿದ ಮರದ ತುಂಡುಗಳು ನಿಮ್ಮ ಕೈಯಲ್ಲೇ ಇವೆ. ರಾತ್ರಿ ಮಗುವಿನ ಕೈಗೆ ಮೊಬೈಲ್ ಕೊಡುವ ಬದಲು ಅವನ್ನು ಕೊಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಐದರೊಳಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಶಾಲೆ ಆರಿಸುವಾಗ

ಮಾಂಟೆಸರಿ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬೋರ್ಡಿನಲ್ಲಿ ಬರೆಸಬಹುದು. ಬಳೆ ಅಡವಿಡುವ ಮೊದಲು ಒಳಗೆ ಹೋಗಿ ನೋಡಿ. ಸಾಮಾನು ಮಗುವಿನ ಕೈಗೆ ಎಟುಕುವ ಎತ್ತರದಲ್ಲಿದೆಯೇ? ಮಗು ತನಗೆ ಬೇಕಾದದ್ದನ್ನು ತಾನೇ ತೆಗೆದುಕೊಳ್ಳುತ್ತದೆಯೇ? ಮೂರರಿಂದ ಆರು ವರ್ಷದವರು ಒಟ್ಟಿಗೆ ಕಲಿಯುತ್ತಾರೆಯೇ? ಮೂರೂವರೆ ವರ್ಷಕ್ಕೆ ಹೋಂವರ್ಕ್ ಇದ್ದರೆ ಬೋರ್ಡಿನಲ್ಲಿ ಏನೇ ಬರೆದಿರಲಿ ಅದು ಮಾಂಟೆಸರಿ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಹಂತದಲ್ಲಿ ಆಟದ ಮೂಲಕ ಕಲಿಕೆ ಇರಲಿ ಎಂದೇ ಹೇಳುತ್ತದೆ.

ಹಣವಿಲ್ಲದವರು ಸಂಕೋಚಪಡಬೇಡಿ. ಅಂಗನವಾಡಿಗೆ ಕಳುಹಿಸಿ. ಅಲ್ಲಿ ಊಟವಿದೆ, ಹಾಡಿದೆ, ಕನ್ನಡವಿದೆ, ಓರಗೆಯ ಮಕ್ಕಳಿದ್ದಾರೆ. ಮನೆ ಎಷ್ಟೇ ಚೆನ್ನಾಗಿದ್ದರೂ ಓರಗೆಯವರ ಜೊತೆಯನ್ನು ಕೊಡಲಾರದು. ಉಳಿದ ಹೊತ್ತಿಗೆ ನಿಮ್ಮ ಅಡುಗೆಮನೆ ಇದೆ.

ಸಮಯ ಎಲ್ಲಿದೆ ಎಂದು ಕೇಳುತ್ತೀರಿ. ಎಲ್ಲವನ್ನೂ ಮಾಡಿ ಎಂದು ನಾನು ಹೇಳುವುದಿಲ್ಲ. ನಾಳೆ ಬೆಳಗ್ಗೆ ಹತ್ತು ನಿಮಿಷ ಮೊದಲು ತಯಾರಾಗಿ. ಚಪ್ಪಲಿಯನ್ನು ಮಗುವಿನ ಮುಂದಿಟ್ಟು ನೀವು ಎರಡು ಹೆಜ್ಜೆ ದೂರ ಕುಳಿತುಕೊಳ್ಳಿ. ಉಲ್ಟಾ ಹಾಕಿಕೊಂಡರೆ ಹಾಗೆಯೇ ನಾಲ್ಕು ಹೆಜ್ಜೆ ನಡೆಯಲಿ, ಕಾಲೇ ಅದಕ್ಕೆ ಹೇಳುತ್ತದೆ. "ಮೈಚ್ ಕರ್ತೂಂ" ಅಂದಾಗ "ಅಚ್ಛಾ, ಕರೋ" ಅನ್ನಿ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಇಲ್ಮ್ ಕೊಡಲಿ, ನಮಗೆ ಸಬ್ರ್ ಕೊಡಲಿ, ಆಮೀನ್.  ವ ಆಖಿರು ದಅವಾನಾ ಅನಿಲ್ ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್.